ಅಮೆರಿಕದ ಹಳ್ಳಿ ಕೌಂಟಿಗೆ ಮನೆ ಬದಲಾಯಿಸಿದ್ದೀರಾ? ಹುಷಾರು ತಪ್ಪುವ ಮೊದಲೇ ಮಾಡಿಡಬೇಕಾದ ಕೆಲಸಗಳು

ಅಮೆರಿಕದಲ್ಲಿ 3,100ಕ್ಕೂ ಹೆಚ್ಚು ಕೌಂಟಿಗಳಿವೆ, ಹೆಚ್ಚುಕಡಿಮೆ ನಮ್ಮ ಜಿಲ್ಲೆಗಳಂಥವು. ನಮ್ಮವರಲ್ಲಿ ಜಾಸ್ತಿ ಜನ ಇರುವುದು ದೊಡ್ಡ ಊರುಗಳ ಸುತ್ತಮುತ್ತ. ಅಲ್ಲಿ ಒಂದು ಆಸ್ಪತ್ರೆ ಇಷ್ಟವಾಗದಿದ್ದರೆ ಇನ್ನೊಂದಕ್ಕೆ ಹೋಗಬಹುದು. ಆದರೆ ಡಾಕ್ಟರಾಗಿ, ಮೇಷ್ಟ್ರಾಗಿ, ಗಾಳಿಯಂತ್ರದ ಕಂಪನಿಯ ಎಂಜಿನಿಯರಾಗಿ ಅಥವಾ ಸುಮ್ನೆ ಮನೆ ಅಗ್ಗ ಅಂತ ಹಳ್ಳಿ ಕಡೆಯ ಕೌಂಟಿಗೆ ಹೋಗುವವರೂ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಲ್ಲಿ "ಯಾವ ಡಾಕ್ಟರು ಚೆನ್ನಾಗಿ ನೋಡ್ತಾರೆ" ಅನ್ನುವುದು ಆಮೇಲಿನ ಮಾತು. ಯಾವ ಹೊತ್ತಿಗೆ ಎಲ್ಲಿ ಬಾಗಿಲು ತೆರೆದಿರುತ್ತದೆ, ಅಲ್ಲಿಗೆ ಎಷ್ಟು ದೂರ, ಹೋಗಲು ಯಾರು ಸಿಗುತ್ತಾರೆ ಅನ್ನುವುದೇ ಮೊದಲಿನ ಪ್ರಶ್ನೆ. ಇದನ್ನು ಜ್ವರ ಬಂದ ರಾತ್ರಿ ಹುಡುಕಬಾರದು. ಮನೆ ಸಾಮಾನು ಇಳಿಸಿದ ವಾರದಲ್ಲೇ ಹುಡುಕಿ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ.

ಮೊದಲ ಕೆಲಸ: ಯಾರು ಏನು ಮಾಡುತ್ತಾರೆ ಅಂತ ತಿಳಿದುಕೊಳ್ಳಿ

ಕೌಂಟಿ ಹೆಲ್ತ್ ಡಿಪಾರ್ಟ್‌ಮೆಂಟ್ ಅಂದರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಅಂದುಕೊಂಡು ಕೆಮ್ಮು, ನೆಗಡಿಗೆ ಹೋದರೆ ವಾಪಸ್ ಬರಬೇಕಾಗುತ್ತದೆ. ಬಹಳ ಕಡೆ ಅಲ್ಲಿ ಡಾಕ್ಟರು ಕೂತು ರೋಗಿಗಳನ್ನು ನೋಡುವುದಿಲ್ಲ. ಅವರ ಕೆಲಸ ಬೇರೆ. ಲಸಿಕೆ, ಕ್ಷಯದ ಪರೀಕ್ಷೆ, ಹೋಟೆಲ್ ತಪಾಸಣೆ, ಸೆಪ್ಟಿಕ್ ಟ್ಯಾಂಕಿನ ಪರ್ಮಿಟ್, ಬಾವಿ ನೀರಿನ ಪರೀಕ್ಷೆ, ನಾಯಿ ಕಡಿತದ ವಿಚಾರಣೆ, ಕೆಲವು ಕಡೆ ಜನನ ಮರಣದ ಸರ್ಟಿಫಿಕೇಟು ಇಂಥವು. ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಮತ್ತು 5 ವರ್ಷದೊಳಗಿನ ಮಕ್ಕಳಿಗೆ ಆಹಾರ ಕೊಡುವ ವಿಕ್ ಯೋಜನೆಯ ಕಚೇರಿಯೂ ಹಲವು ಕಡೆ ಇದೇ ಕಟ್ಟಡದಲ್ಲಿರುತ್ತದೆ. ಅದಕ್ಕೆ ಆದಾಯದ ಮಿತಿ ಇದೆ.

ಫೋನ್ ಮಾಡಿ ಮೂರು ಪ್ರಶ್ನೆ ಕೇಳಿ. ಲಸಿಕೆ ಯಾವ ದಿನ ಹಾಕುತ್ತೀರಿ? ಕಚೇರಿ ವಾರದಲ್ಲಿ ಎಷ್ಟು ದಿನ ತೆರೆದಿರುತ್ತದೆ? ರಜಾ ದಿನ ತುರ್ತು ವಿಷಯ ಬಂದರೆ ಯಾವ ನಂಬರು? ಎರಡನೆಯದಕ್ಕೆ ನಗಬೇಡಿ. ಎರಡು ಮೂರು ಕೌಂಟಿಗೆ ಒಂದೇ ಕಚೇರಿ ಇರುವ ಕಡೆ ನರ್ಸ್ ವಾರಕ್ಕೊಮ್ಮೆ ಬರುವುದೂ ಉಂಟು.

ಮಕ್ಕಳ ಲಸಿಕೆ ವಿಷಯ ಇಲ್ಲೇ ಹೇಳಿಬಿಡುತ್ತೇನೆ. 1994ರಿಂದ ವ್ಯಾಕ್ಸೀನ್ಸ್ ಫಾರ್ ಚಿಲ್ಡ್ರನ್ ಅನ್ನುವ ಯೋಜನೆ ಇದೆ. ಇನ್ಶೂರೆನ್ಸ್ ಇಲ್ಲದ ಅಥವಾ ಮೆಡಿಕೇಡ್ (ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಇನ್ಶೂರೆನ್ಸ್) ಇರುವ 18 ವರ್ಷದವರೆಗಿನ ಮಕ್ಕಳಿಗೆ ಲಸಿಕೆ ಪುಕ್ಕಟೆ. ಚುಚ್ಚುವ ಖರ್ಚು ಅಂತ ಸ್ವಲ್ಪ ಕೇಳಬಹುದು, ಆದರೆ ಅದನ್ನು ಕೊಡಲಾಗದು ಅಂದರೆ ಲಸಿಕೆ ಇಲ್ಲ ಅನ್ನುವಂತಿಲ್ಲ. ಊರಿನಿಂದ ಬಂದ ಮಗುವಿನ ಲಸಿಕೆ ಕಾರ್ಡು ಇದ್ದರೆ ಜೋಪಾನವಾಗಿ ಇಟ್ಟುಕೊಳ್ಳಿ. ಅದಿಲ್ಲದೆ ಸ್ಕೂಲಿಗೆ ಸೇರಿಸಲು ಹೋದರೆ ಹಾಕಿಸಿದ್ದನ್ನೇ ಮತ್ತೆ ಹಾಕಿಸಿ ಅನ್ನಬಹುದು.

ಎರಡನೆಯದು: ಆರಾಮಾಗಿರುವಾಗಲೇ ಒಬ್ಬ ಡಾಕ್ಟರ ಹತ್ತಿರ ಹೆಸರು ಬರೆಸಿ

ಹೊಸ ರೋಗಿಗಳನ್ನು ತೆಗೆದುಕೊಳ್ಳದ ಕ್ಲಿನಿಕ್ಕುಗಳು ಹಳ್ಳಿ ಕಡೆ ಸಾಮಾನ್ಯ. ಮೊದಲ ಭೇಟಿಗೆ ವಾರಗಟ್ಟಲೆ ಕಾಯಬೇಕಾಗಬಹುದು. ಹಾಗಾಗಿ ಏನೂ ತೊಂದರೆ ಇಲ್ಲದಿದ್ದರೂ ಒಂದು ಅಪಾಯಿಂಟ್‌ಮೆಂಟ್ ತೆಗೆದುಕೊಂಡು "ಹಳೇ ರೋಗಿ" ಆಗಿಬಿಡಿ. ಆಮೇಲೆ ಜ್ವರ ಬಂದ ದಿನ ನಡುವೆ ಎಲ್ಲಾದರೂ ಸೇರಿಸಿಕೊಳ್ಳುತ್ತಾರೆ. ಡಾಕ್ಟರೇ ಬೇಕು ಅಂತ ಹಟ ಹಿಡಿಯಬೇಡಿ. ನರ್ಸ್ ಪ್ರಾಕ್ಟೀಷನರ್ ಅಥವಾ ಫಿಸಿಷಿಯನ್ ಅಸಿಸ್ಟೆಂಟ್ ನೋಡಿದರೂ ಬಿಪಿ, ಶುಗರ್, ಥೈರಾಯ್ಡ್ ಇವೆಲ್ಲ ನಡೆಯುತ್ತವೆ. ಅವರೇ ಔಷಧಿ ಬರೆಯುತ್ತಾರೆ. ಬಹಳ ಊರುಗಳಲ್ಲಿ ಇಪ್ಪತ್ತು ವರ್ಷದಿಂದ ಇರುವವರು ಅವರೇ, ಡಾಕ್ಟರುಗಳು ಬರುತ್ತಾ ಹೋಗುತ್ತಾ ಇರುತ್ತಾರೆ.

ಎಲ್ಲಿ ಹುಡುಕುವುದು? ನನ್ನ ಪ್ರಕಾರ ಮೊದಲು ನೋಡಬೇಕಾದ್ದು ಕಮ್ಯುನಿಟಿ ಹೆಲ್ತ್ ಸೆಂಟರ್. ಕೇಂದ್ರ ಸರ್ಕಾರದ ಅನುದಾನದಲ್ಲಿ ನಡೆಯುತ್ತವೆ ಇವು. ಹರ್ಸಾ (HRSA) ಅನ್ನುವ ಇಲಾಖೆಯ ವೆಬ್‌ಸೈಟಿನಲ್ಲಿ "ಫೈಂಡ್ ಎ ಹೆಲ್ತ್ ಸೆಂಟರ್" ಅಂತ ಇದೆ, ಅಲ್ಲಿ ನಿಮ್ಮ ಜಿಪ್ ಕೋಡ್ ಹಾಕಿದರೆ ಹತ್ತಿರದ್ದು ಸಿಗುತ್ತದೆ. ಹಣ ಇಲ್ಲ ಅನ್ನುವ ಕಾರಣಕ್ಕೆ ಇವರು ಯಾರನ್ನೂ ವಾಪಸ್ ಕಳಿಸುವಂತಿಲ್ಲ. ಆದಾಯ ನೋಡಿ ಫೀಸು ಇಳಿಸುತ್ತಾರೆ. ಸರ್ಕಾರದ ಬಡತನದ ರೇಖೆಗಿಂತ ಕೆಳಗಿದ್ದರೆ ಹೆಸರಿಗೆ ಒಂದಿಷ್ಟು, ಆ ರೇಖೆಯ ಎರಡು ಪಟ್ಟಿನವರೆಗೆ ಆದಾಯ ಇದ್ದರೆ ಹಂತ ಹಂತವಾಗಿ ರಿಯಾಯಿತಿ. ಇದಕ್ಕೆ ಕೇಳಬೇಕು. "ಸ್ಲೈಡಿಂಗ್ ಫೀ ಅರ್ಜಿ ಕೊಡಿ" ಅನ್ನಿ. ಸಂಬಳದ ಚೀಟಿ ಅಥವಾ ತೆರಿಗೆ ಕಾಗದ ತೆಗೆದುಕೊಂಡು ಹೋಗಿ. ಇನ್ಶೂರೆನ್ಸ್ ಇರುವವರೂ ಹೋಗಬಹುದು, ಬಡವರಿಗೆ ಮಾತ್ರ ಅನ್ನುವುದು ತಪ್ಪು ತಿಳಿವಳಿಕೆ. ಹಲ್ಲಿನ ಡಾಕ್ಟರು ಮತ್ತು ಮನಸ್ಸಿನ ತೊಂದರೆಗೆ ಕೌನ್ಸೆಲರ್ ಕೂಡ ಹಲವು ಸೆಂಟರುಗಳಲ್ಲಿ ಇರುತ್ತಾರೆ. ಹಳ್ಳಿ ಕಡೆ ಇದು ದೊಡ್ಡ ವಿಷಯ, ಯಾಕೆಂದರೆ ಮೆಡಿಕೇಡ್ ತೆಗೆದುಕೊಳ್ಳುವ ಹಲ್ಲಿನ ಡಾಕ್ಟರು ಸಿಗುವುದೇ ಕಷ್ಟ.

ಈ ಸೆಂಟರುಗಳ ಕತೆ ಚೆನ್ನಾಗಿದೆ. 1965ರಲ್ಲಿ ಜ್ಯಾಕ್ ಗೈಗರ್ ಮತ್ತು ಕೌಂಟ್ ಗಿಬ್ಸನ್ ಅನ್ನುವ ಇಬ್ಬರು ಡಾಕ್ಟರು ಎರಡು ಕೇಂದ್ರಗಳಿಗೆ ಸರ್ಕಾರದ ಅನುದಾನ ತಂದರು. ಒಂದು ಬಾಸ್ಟನ್ನಿನಲ್ಲಿ, ಇನ್ನೊಂದು ಮಿಸಿಸಿಪ್ಪಿ ರಾಜ್ಯದ ಬೊಲಿವರ್ ಕೌಂಟಿಯ ಮೌಂಡ್ ಬೇಯೂ ಅನ್ನುವ ಊರಿನಲ್ಲಿ. ಮಿಸಿಸಿಪ್ಪಿಯಲ್ಲಿ ಮಕ್ಕಳು ಹಸಿವಿನಿಂದಲೇ ಕಾಯಿಲೆ ಬೀಳುತ್ತಿದ್ದರು. ಗೈಗರ್ ಔಷಧಿ ಚೀಟಿಯಲ್ಲಿ ಆಹಾರ ಬರೆದು ಕೊಡಲು ಶುರು ಮಾಡಿದರು, ಅಂಗಡಿಯವರು ದಿನಸಿ ಕೊಟ್ಟು ಬಿಲ್ಲನ್ನು ಸೆಂಟರಿಗೆ ಕಳಿಸಬೇಕು. ಇದು ಔಷಧಿ ದುಡ್ಡು ಅಲ್ವಾ ಅಂತ ಮೇಲಿನವರು ಆಕ್ಷೇಪ ಎತ್ತಿದಾಗ, ಅಪೌಷ್ಟಿಕತೆಗೆ ಔಷಧಿ ಆಹಾರವೇ ತಾನೇ ಅಂದರಂತೆ. ಇಂದಿಗೂ ಒಳ್ಳೆಯ ಸೆಂಟರುಗಳಲ್ಲಿ ಆ ಬುದ್ಧಿ ಉಳಿದಿದೆ. ಬರಲು ಗಾಡಿ ಇದೆಯಾ, ಮನೆಯಲ್ಲಿ ಊಟಕ್ಕಿದೆಯಾ ಅಂತ ಫಾರಂನಲ್ಲೇ ಕೇಳುತ್ತಾರೆ. ಸಂಕೋಚ ಬಿಟ್ಟು ನಿಜ ಬರೆಯಿರಿ. ಮೆಡಿಕೇಡ್ ಇರುವವರಿಗೆ ಡಾಕ್ಟರ ಹತ್ತಿರ ಹೋಗಿಬರಲು ಗಾಡಿಯ ವ್ಯವಸ್ಥೆಯೂ ಇದೆ, ಆದರೆ ಕೆಲವು ದಿನ ಮುಂಚೆ ಬುಕ್ ಮಾಡಬೇಕು. ಇಂಥ ಸಹಾಯ ಎಲ್ಲಿದೆ ಅಂತ ಗೊತ್ತಾಗದಿದ್ದರೆ 211ಕ್ಕೆ ಫೋನ್ ಮಾಡಿ.

ವಿಡಿಯೋದಲ್ಲಿ ಡಾಕ್ಟರನ್ನು ನೋಡುವುದಕ್ಕೆ ಮನೆಯಲ್ಲಿ ಇಂಟರ್ನೆಟ್ ಚೆನ್ನಾಗಿಲ್ಲದಿದ್ದರೆ ಲೈಬ್ರರಿಯಲ್ಲಿ ಕೇಳಿ ನೋಡಿ. ಬಾಗಿಲು ಮುಚ್ಚಿಕೊಂಡು ಮಾತಾಡಲು ಒಂದು ಕೋಣೆ ಕೊಡುವ ಲೈಬ್ರರಿಗಳಿವೆ.

ಮೂರನೆಯದು: ಹತ್ತಿರದ ಆಸ್ಪತ್ರೆ ಎಂಥದ್ದು ಅಂತ ನೋಡಿಕೊಳ್ಳಿ

ಬೋರ್ಡಿನ ಮೇಲೆ ಹಾಸ್ಪಿಟಲ್ ಅಂತ ಇದ್ದ ಮಾತ್ರಕ್ಕೆ ಎಲ್ಲವೂ ಅಲ್ಲಿ ಆಗುವುದಿಲ್ಲ. ಹಳ್ಳಿ ಕಡೆ ಹೆಚ್ಚಾಗಿ ಸಿಗುವುದು ಕ್ರಿಟಿಕಲ್ ಆಕ್ಸೆಸ್ ಹಾಸ್ಪಿಟಲ್. 1997ರ ಕಾನೂನಿನಿಂದ ಬಂದದ್ದು. ಒಳರೋಗಿಗಳಿಗೆ 25 ಹಾಸಿಗೆ ಮಾತ್ರ. ಸಾಮಾನ್ಯವಾಗಿ ಇನ್ನೊಂದು ಆಸ್ಪತ್ರೆಯಿಂದ 35 ಮೈಲಿಗಿಂತ ದೂರ, ಬೆಟ್ಟದ ದಾರಿಯಾದರೆ 15 ಮೈಲಿ. ರೋಗಿಗಳು ಉಳಿಯುವ ಸರಾಸರಿ 96 ಗಂಟೆ ಮೀರಬಾರದು. ತುರ್ತು ವಿಭಾಗ ದಿನವಿಡೀ ತೆರೆದಿರುತ್ತದೆ, ಆದರೆ ರಾತ್ರಿ ಡಾಕ್ಟರು ಕಟ್ಟಡದಲ್ಲೇ ಇರಬೇಕೆಂದಿಲ್ಲ. ಕರೆದರೆ 30 ನಿಮಿಷದೊಳಗೆ ಯಾರಾದರೊಬ್ಬ ಡಾಕ್ಟರೋ, ನರ್ಸ್ ಪ್ರಾಕ್ಟೀಷನರೋ, ಫಿಸಿಷಿಯನ್ ಅಸಿಸ್ಟೆಂಟೋ ಬರಬೇಕು ಅನ್ನುವುದು ನಿಯಮ. ತೀರಾ ಜನವಿರಳ ಪ್ರದೇಶದಲ್ಲಿ 60 ನಿಮಿಷ. 2023ರ ಜನವರಿಯಿಂದ ಇನ್ನೊಂದು ಬಗೆ ಬಂದಿದೆ, ರೂರಲ್ ಎಮರ್ಜೆನ್ಸಿ ಹಾಸ್ಪಿಟಲ್ ಅಂತ. ಅಲ್ಲಿ ತುರ್ತು ಚಿಕಿತ್ಸೆ ಇದೆ, ಅಡ್ಮಿಟ್ ಮಾಡಿಕೊಳ್ಳುವುದಿಲ್ಲ.

ಇವು ಕೀಳು ಆಸ್ಪತ್ರೆಗಳು ಅಂತ ಹೇಳುತ್ತಿಲ್ಲ. ಪಾರ್ಶ್ವವಾಯು ಬಡಿದಾಗ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಹತ್ತಿರದ ಚಿಕ್ಕ ಆಸ್ಪತ್ರೆ ವಿಡಿಯೋದಲ್ಲಿ ದೊಡ್ಡ ಊರಿನ ನರರೋಗ ತಜ್ಞರನ್ನು ಕೇಳಿ ಅದನ್ನು ಅಲ್ಲೇ ಕೊಟ್ಟು, ಆಮೇಲೆ ಮುಂದಕ್ಕೆ ಕಳಿಸಬಹುದು. ನೀವೇ ಜಾಣತನ ಮಾಡಿ ದೊಡ್ಡಾಸ್ಪತ್ರೆಗೇ ಹೋಗೋಣ ಅಂತ ಕಾರಿನಲ್ಲಿ ಎರಡು ಗಂಟೆ ಓಡಿಸಿದರೆ ಆ ಸಮಯ ದಾರಿಯಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಆರಾಮಾಗಿರುವಾಗ ಒಮ್ಮೆ ಫೋನ್ ಮಾಡಿ ಕೇಳಿ: ಸ್ಕ್ಯಾನ್ ರಾತ್ರಿಯೂ ಆಗುತ್ತಾ, ಹೆರಿಗೆ ಮಾಡಿಸುತ್ತೀರಾ, ಮಕ್ಕಳ ಡಾಕ್ಟರು ಇದ್ದಾರಾ, ಕಳಿಸುವುದಾದರೆ ಸಾಮಾನ್ಯವಾಗಿ ಯಾವ ಆಸ್ಪತ್ರೆಗೆ ಕಳಿಸುತ್ತೀರಿ. ಕೊನೆಯದು ಮುಖ್ಯ. ಆ ದೊಡ್ಡಾಸ್ಪತ್ರೆ ನಿಮ್ಮ ಇನ್ಶೂರೆನ್ಸ್ ಪಟ್ಟಿಯಲ್ಲಿದೆಯಾ ಅಂತ ಈಗಲೇ ನೋಡಿಡಬಹುದು.

ಇನ್ನೊಂದು ತಿಳಿದಿರಲಿ. 1986ರ ಎಮ್‌ಟಾಲಾ ಕಾನೂನಿನ ಪ್ರಕಾರ ತುರ್ತು ವಿಭಾಗಕ್ಕೆ ಬಂದವರನ್ನು ಪರೀಕ್ಷಿಸಲೇಬೇಕು, ಜೀವಕ್ಕೆ ಅಪಾಯ ಇದ್ದರೆ ಸ್ಥಿತಿ ಹತೋಟಿಗೆ ತರುವ ಚಿಕಿತ್ಸೆ ಕೊಡಲೇಬೇಕು. ದುಡ್ಡು, ವೀಸಾ, ಇನ್ಶೂರೆನ್ಸ್ ಯಾವುದೂ ಅದಕ್ಕೆ ಅಡ್ಡ ಬರುವಂತಿಲ್ಲ. ಬಿಲ್ಲು ಬರುವುದಿಲ್ಲ ಅಂತ ಅರ್ಥ ಅಲ್ಲ.

ನಾಲ್ಕನೆಯದು: ತುರ್ತು ನಂಬರು 911ಕ್ಕೆ ಮನೆಯನ್ನು ತಯಾರು ಮಾಡಿ

ಯಾರೂ ಗಮನ ಕೊಡದ ವಿಷಯ ಇದು, ನನಗೆ ಮಾತ್ರ ಎಲ್ಲಕ್ಕಿಂತ ಮುಖ್ಯ ಅನಿಸುವುದು. ಹಳ್ಳಿ ಕಡೆ ಆಂಬುಲೆನ್ಸಿನವರು ಎಷ್ಟೋ ಕಡೆ ಸ್ವಯಂಸೇವಕರು. ಅವರು ತಮ್ಮ ಮನೆಯಿಂದಲೋ ಹೊಲದಿಂದಲೋ ಎದ್ದು, ಗಾಡಿ ನಿಂತಿರುವ ಕಡೆ ಹೋಗಿ, ಆಮೇಲೆ ನಿಮ್ಮ ಹತ್ತಿರ ಬರಬೇಕು. ನಿಮ್ಮ ಮನೆ ಹುಡುಕುವುದರಲ್ಲಿ ಇನ್ನಷ್ಟು ಹೊತ್ತು ಹೋಗಬಾರದು.

ರಸ್ತೆಗೆ ಡ್ರೈವ್‌ವೇ ಸೇರುವ ಜಾಗದಲ್ಲಿ, ಎರಡೂ ಕಡೆಯಿಂದ ಕಾಣುವಂತೆ, ಬೆಳಕಿಗೆ ಹೊಳೆಯುವ ಮನೆ ನಂಬರಿನ ಬೋರ್ಡು ಹಾಕಿ. ಹಿಮ ಬಿದ್ದರೂ ಮುಚ್ಚದಷ್ಟು ಎತ್ತರಕ್ಕಿರಲಿ. ಮನೆಯ ವಿಳಾಸ, ಹತ್ತಿರದ ಅಡ್ಡರಸ್ತೆ, ಗೇಟಿನ ಕೋಡು ಇವನ್ನು ಫ್ರಿಜ್ಜಿನ ಹಾಳೆಯಲ್ಲಿ ಬರೆದಿಡಿ, ಯಾಕೆಂದರೆ ಗಾಬರಿಯಲ್ಲಿ ಸ್ವಂತ ವಿಳಾಸವೂ ಬಾಯಿಗೆ ಬರುವುದಿಲ್ಲ, ಊರಿನಿಂದ ಬಂದ ಅತ್ತೆ ಮಾವನಿಗಂತೂ ಗೊತ್ತೇ ಇರುವುದಿಲ್ಲ. ಮನೆಯೊಳಗೆ ಸಿಗ್ನಲ್ ಇಲ್ಲದೆ ವೈಫೈ ಕಾಲಿಂಗ್ ಬಳಸುತ್ತಿದ್ದರೆ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಎಮರ್ಜೆನ್ಸಿ ಅಡ್ರೆಸ್ ನೋಡಿ. ಮನೆ ಬದಲಾಯಿಸಿದವರ ಫೋನಿನಲ್ಲಿ ಹಳೇ ಊರಿನ ವಿಳಾಸವೇ ಉಳಿದಿರುತ್ತದೆ. 911ಕ್ಕೆ ಕರೆ ಮಾಡಿದರೆ ಅದೇ ಅವರಿಗೆ ಕಾಣಿಸಬಹುದು. ಕರೆ ಮಾಡಿದ ಮೇಲೆ ಫೋನ್ ಇಡಬೇಡಿ, ಅವರು ಹೇಳುವವರೆಗೆ. ಹೊರಗಿನ ದೀಪ ಹಾಕಿ, ನಾಯಿ ಕಟ್ಟಿ, ಬಾಗಿಲು ತೆಗೆದಿಡಿ.

ಎದೆನೋವು ಬಂದರೆ ಗಂಡನೋ ಹೆಂಡತಿಯೋ ಕಾರಿನಲ್ಲಿ ಕರೆದುಕೊಂಡು ಹೋಗುವುದು ಬೇಗ ಅನಿಸುತ್ತದೆ. ಆದರೆ ದಾರಿ ಮಧ್ಯೆ ಎದೆಬಡಿತ ನಿಂತರೆ ಕಾರು ಓಡಿಸುವವರು ಏನು ಮಾಡುತ್ತಾರೆ? ಆಂಬುಲೆನ್ಸಿನಲ್ಲಿ ಶಾಕ್ ಕೊಡುವ ಯಂತ್ರ ಇರುತ್ತದೆ, ಆಸ್ಪತ್ರೆಗೆ ಮೊದಲೇ ಸುದ್ದಿ ಹೋಗುತ್ತದೆ, ಬೇಕಾದರೆ ಹೆಲಿಕಾಪ್ಟರ್ ಕರೆಸುತ್ತಾರೆ. ತೀರಾ ದೂರ ಇದ್ದೀರಾ ಅಂದರೆ 911ರವರನ್ನೇ ಕೇಳಿ. ಅರ್ಧ ದಾರಿಯಲ್ಲಿ ಎದುರಾಗಿ ಸಿಗೋಣ ಅಂತ ಅವರೇ ಹೇಳುವುದುಂಟು.

ವಿಷದ ವಸ್ತು ಮಗು ನುಂಗಿದರೆ, ಮಗು ಎಚ್ಚರವಾಗಿ ಉಸಿರಾಡುತ್ತಿದ್ದರೆ 1-800-222-1222. ಮನಸ್ಸು ಕುಸಿದು ಬದುಕೇ ಬೇಡ ಅನಿಸಿದರೆ 988. ಎರಡೂ ಪುಕ್ಕಟೆ, ರಾತ್ರಿ ಹಗಲು ಇರುತ್ತವೆ.

ದುಡ್ಡಿನ ವಿಷಯ

ಇಲ್ಲಿ ಒಂದು ದೊಡ್ಡ ತೂತಿದೆ. 2022ರ ಜನವರಿಯಿಂದ ಜಾರಿಗೆ ಬಂದ ನೋ ಸರ್‌ಪ್ರೈಸಸ್ ಕಾನೂನು, ನಿಮ್ಮ ಇನ್ಶೂರೆನ್ಸ್ ಪಟ್ಟಿಯಲ್ಲಿಲ್ಲದವರು ತುರ್ತು ಚಿಕಿತ್ಸೆಗೆ ಕಳಿಸುವ ಅನಿರೀಕ್ಷಿತ ಬಿಲ್ಲಿನಿಂದ ಕಾಪಾಡುತ್ತದೆ. ಹೆಲಿಕಾಪ್ಟರಿಗೂ ಅನ್ವಯಿಸುತ್ತದೆ. ಆದರೆ ರಸ್ತೆಯ ಮೇಲೆ ಓಡುವ ಆಂಬುಲೆನ್ಸಿಗೆ ಇಲ್ಲ. ಕೆಲವು ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡಿವೆ. ಹೆಲಿಕಾಪ್ಟರ್ ಕಂಪನಿಗಳು ವಾರ್ಷಿಕ ಮೆಂಬರ್‌ಶಿಪ್ ಮಾರಲು ಬರುತ್ತವೆ. ಆ ದಿನ ನಿಮ್ಮನ್ನು ಕರೆದೊಯ್ಯಲು ಅದೇ ಕಂಪನಿಯ ಹೆಲಿಕಾಪ್ಟರ್ ಬರುತ್ತದೆ ಅನ್ನುವ ಖಾತ್ರಿ ಏನು? ಖಾಸಗಿ ಇನ್ಶೂರೆನ್ಸ್ ಇರುವವರು ಅವಸರ ಮಾಡಿ ಕೊಳ್ಳಬೇಡಿ ಅನ್ನುವುದು ನನ್ನ ಮಾತು.

ಆಸ್ಪತ್ರೆ ಬಿಲ್ಲು ಬಂದರೆ ತಕ್ಷಣ ಕ್ರೆಡಿಟ್ ಕಾರ್ಡು ತೆಗೆಯಬೇಡಿ. ಮೊದಲು ಒಂದೊಂದು ಐಟಂ ಬಿಡಿಸಿ ಬರೆದ ಬಿಲ್ಲು ಕೇಳಿ. ಆಮೇಲೆ "ಫೈನಾನ್ಶಿಯಲ್ ಅಸಿಸ್ಟೆನ್ಸ್ ಅರ್ಜಿ ಕೊಡಿ" ಅನ್ನಿ. ಲಾಭಕ್ಕಲ್ಲದ ಆಸ್ಪತ್ರೆಗಳು ತೆರಿಗೆ ವಿನಾಯಿತಿ ಪಡೆಯುತ್ತವಲ್ಲ, ಅದಕ್ಕೆ ಬದಲಾಗಿ ಇಂಥ ನೆರವಿನ ನಿಯಮವನ್ನು ಬರೆದು ಇಟ್ಟಿರಲೇಬೇಕು. ಮೊದಲ ಬಿಲ್ಲು ಬಂದ ದಿನದಿಂದ 240 ದಿನ ಅರ್ಜಿ ಹಾಕಲು ಅವಕಾಶ ಇದೆ. ಮೊದಲ 120 ದಿನ ಅವರು ಕೋರ್ಟು, ಸಂಬಳ ಜಪ್ತಿ ಅಂತ ಹೋಗುವಂತಿಲ್ಲ. ಮಧ್ಯಮ ಸಂಬಳದವರಿಗೂ ಕೆಲವು ಸಲ ಬಿಲ್ಲು ಇಳಿಯುತ್ತದೆ, ಕೇಳುವುದಕ್ಕೆ ನಾಚಿಕೆಪಟ್ಟು ಕಟ್ಟಿಬಿಡಬೇಡಿ. ಕೈಯಿಂದ ಕಟ್ಟುವವರು ಮೊದಲೇ ಗೊತ್ತಾದ ಆಪರೇಷನ್ನಿಗೆ ಗುಡ್ ಫೇತ್ ಎಸ್ಟಿಮೇಟ್, ಅಂದರೆ ಅಂದಾಜು ಖರ್ಚು, ಬರೆದು ಕೊಡಲು ಹೇಳಿ. ಬಿಲ್ಲು ಅದಕ್ಕಿಂತ 400 ಡಾಲರ್ ಅಥವಾ ಹೆಚ್ಚು ಬಂದರೆ ತಕರಾರು ಹಾಕಬಹುದು.

ಮೆಡಿಕೇಡ್ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅದನ್ನು ವಿಸ್ತರಿಸಿದ ರಾಜ್ಯಗಳಲ್ಲಿ ಬಡತನದ ರೇಖೆಯ ಶೇ 138ರವರೆಗಿನ ಆದಾಯದ ದೊಡ್ಡವರಿಗೆ ಸಿಗುತ್ತದೆ, ಉಳಿದ ಕಡೆ ತುಂಬಾ ಬಿಗಿ. ವೀಸಾ ಮೇಲಿರುವವರಿಗೆ, ಹೊಸದಾಗಿ ಗ್ರೀನ್ ಕಾರ್ಡ್ ಬಂದವರಿಗೆ ನಿಯಮ ಬೇರೆ ಇದೆ. ಹೆಲ್ತ್ ಸೆಂಟರುಗಳಲ್ಲಿ ಅರ್ಜಿ ತುಂಬಲು ಸಹಾಯ ಮಾಡುವವರೇ ಇರುತ್ತಾರೆ, ಅವರಿಗೇ ಕೇಳಿ, ದುಡ್ಡು ತೆಗೆದುಕೊಳ್ಳುವುದಿಲ್ಲ.

ಔಷಧಿ, ಹೆರಿಗೆ

ಊರಿನ ಒಂದೇ ಒಂದು ಫಾರ್ಮಸಿ ಭಾನುವಾರ ಮುಚ್ಚಿರುತ್ತದೆ. ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನು 90 ದಿನಕ್ಕೆ ಬರೆಸಿಕೊಳ್ಳಿ. ಹಿಮಗಾಳಿಯ ಮುನ್ಸೂಚನೆ ಬಂದಾಗ ಹಾಲು, ಬ್ರೆಡ್ ಜೊತೆ ಮಾತ್ರೆ ಡಬ್ಬಿಯನ್ನೂ ನೋಡಿ. ಇನ್ಸುಲಿನ್ ಅಂಚೆಯಲ್ಲಿ ತರಿಸುವವರು ಮೇಲ್‌ಬಾಕ್ಸಿನಲ್ಲಿ ಬಿಡಬೇಡಿ, ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ ಅದನ್ನು ಬಳಸುವಂತಿಲ್ಲ.

ಹೆರಿಗೆಗೆ ಮಾತ್ರ ಹತ್ತಿರದ ಆಸ್ಪತ್ರೆಯನ್ನು ನಂಬಿ ಕೂರಬೇಡಿ. ಹಳ್ಳಿ ಕಡೆಯ ಅರ್ಧಕ್ಕಿಂತ ಹೆಚ್ಚು ಆಸ್ಪತ್ರೆಗಳಲ್ಲಿ ಈಗ ಹೆರಿಗೆ ವಿಭಾಗವೇ ಇಲ್ಲ. ಹೆರಿಗೆ ಕಡಿಮೆ, ಸಿಬ್ಬಂದಿಯನ್ನು ದಿನವಿಡೀ ಇಟ್ಟುಕೊಳ್ಳುವ ಖರ್ಚು ಜಾಸ್ತಿ, ಅದಕ್ಕೆ ಮೊದಲು ಮುಚ್ಚುವುದು ಅದನ್ನೇ. ಗರ್ಭ ನಿಂತದ್ದು ಗೊತ್ತಾದ ತಿಂಗಳಲ್ಲೇ ಎಲ್ಲಿ ಹೆರಿಗೆ, ಚಳಿಗಾಲವಾದರೆ ಕೊನೆಯ ವಾರಗಳಲ್ಲಿ ಆ ಊರಿನಲ್ಲೇ ಉಳಿಯಲು ಯಾರ ಮನೆ, ದೊಡ್ಡ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ತೀರ್ಮಾನಿಸಿ. ಅಮ್ಮ ಬರುತ್ತಾರೆ ಅನ್ನುವುದು ಉತ್ತರ ಅಲ್ಲ. ಅಮ್ಮ ಕಾರು ಓಡಿಸುವುದಿಲ್ಲ ತಾನೇ.

ಅಪ್ಪ ಅಮ್ಮ ಊರಿನಿಂದ ಬಂದರೆ

ವಿಸಿಟರ್ ಇನ್ಶೂರೆನ್ಸ್ ಪಾಲಿಸಿಯಲ್ಲಿ ಹಳೇ ಕಾಯಿಲೆಗೆ ಏನು ಕೊಡುತ್ತಾರೆ ಅನ್ನುವ ಪುಟವನ್ನು ಓದಿಯೇ ಕೊಳ್ಳಿ. ಬಿಪಿ, ಶುಗರ್ ಮಾತ್ರೆಗಳನ್ನು ಇರುವಷ್ಟು ದಿನಕ್ಕೆ, ಮೂಲ ಪ್ಯಾಕಿನಲ್ಲೇ, ಡಾಕ್ಟರ ಚೀಟಿ ಸಮೇತ ತರಲು ಹೇಳಿ. ಭಾರತದ ಚೀಟಿ ತೋರಿಸಿದರೆ ಇಲ್ಲಿನ ಫಾರ್ಮಸಿಯವರು ಔಷಧಿ ಕೊಡುವುದಿಲ್ಲ. ಮಾತ್ರೆಯ ಬ್ರ್ಯಾಂಡ್ ಹೆಸರು ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ, ಒಳಗಿನ ಔಷಧಿಯ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಅಂತ ಹಾಳೆಯಲ್ಲಿ ಬರೆದಿಡಿ. ಆಸ್ಪತ್ರೆಯಲ್ಲಿ ಅವರ ಪರವಾಗಿ ನೀವೇ ಮಾತಾಡಬೇಕು ಅಂತಿಲ್ಲ. ಕೇಂದ್ರದ ದುಡ್ಡು ಪಡೆಯುವ ಆಸ್ಪತ್ರೆಗಳು ಭಾಷೆ ಬಾರದವರಿಗೆ ದುಭಾಷಿಯನ್ನು ಪುಕ್ಕಟೆ ಒದಗಿಸಬೇಕು. ಫೋನಿನಲ್ಲಿ ಕನ್ನಡದವರು ಸಿಗಬಹುದು, ಅಪಾಯಿಂಟ್‌ಮೆಂಟ್ ಮಾಡುವಾಗಲೇ ಹೇಳಿಡಿ. ಮಕ್ಕಳ ಮುಂದೆ ಅಪ್ಪ ಹೇಳದ ವಿಷಯವನ್ನು ಪರಿಚಯ ಇಲ್ಲದ ದುಭಾಷಿಗೆ ಹೇಳುತ್ತಾರೆ.

ಬಾವಿ ನೀರು

ಅಮೆರಿಕದ ಸುಮಾರು ಶೇ 15 ಜನ ಸ್ವಂತ ಬಾವಿ ನೀರು ಕುಡಿಯುತ್ತಾರೆ, ಹಳ್ಳಿ ಮನೆ ಕೊಂಡರೆ ನೀವೂ ಅವರಲ್ಲೊಬ್ಬರಾಗಬಹುದು. ಊರ ನಲ್ಲಿ ನೀರಿಗಿರುವ ಕೇಂದ್ರದ ಕಾನೂನು ಈ ಬಾವಿಗಳಿಗೆ ಇಲ್ಲ. ಪರೀಕ್ಷೆ ಮಾಡಿಸುವುದು ಪೂರ್ತಿ ನಿಮ್ಮ ಜವಾಬ್ದಾರಿ. ವರ್ಷಕ್ಕೊಮ್ಮೆ ಬ್ಯಾಕ್ಟೀರಿಯಾ ಮತ್ತು ನೈಟ್ರೇಟ್ ಪರೀಕ್ಷೆ ಮಾಡಿಸಿ. ಬಾಟಲಿ ಕೌಂಟಿ ಹೆಲ್ತ್ ಡಿಪಾರ್ಟ್‌ಮೆಂಟಿನಲ್ಲಿ ಸಿಗುತ್ತದೆ, ಅಥವಾ ಎಲ್ಲಿ ಸಿಗುತ್ತದೆ ಅಂತ ಹೇಳುತ್ತಾರೆ. ಜೋಳದ ಹೊಲ, ದನದ ಕೊಟ್ಟಿಗೆ ಹತ್ತಿರ ಇದ್ದರೆ ನೈಟ್ರೇಟ್ ಜಾಸ್ತಿ ಇರಬಹುದು. ಊರ ನಲ್ಲಿ ನೀರಿಗಿರುವ ಮಿತಿ ಲೀಟರಿಗೆ 10 ಮಿಲಿಗ್ರಾಂ (ಸಾರಜನಕದ ಲೆಕ್ಕದಲ್ಲಿ), ಬಾವಿಗೂ ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಅದಕ್ಕಿಂತ ಹೆಚ್ಚಿರುವ ನೀರಿನಲ್ಲಿ ಹಸುಗೂಸಿಗೆ ಪುಡಿಹಾಲು ಕಲಸಬಾರದು, ರಕ್ತ ಆಮ್ಲಜನಕ ಒಯ್ಯಲಾರದೆ ಮಗು ನೀಲಿಗಟ್ಟುತ್ತದೆ. ಕಾಯಿಸಿ ಕುಡಿದರೆ ಸರಿಹೋಗುತ್ತದೆ ಅನ್ನುವ ನಮ್ಮ ಅಭ್ಯಾಸ ಇಲ್ಲಿ ತಿರುಗುಬಾಣ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ನೈಟ್ರೇಟ್ ಗಟ್ಟಿಯಾಗುತ್ತದೆ.

ಹಾಗೆಯೇ, ಬೆಳಗ್ಗೆ ಎದ್ದಾಗ ಮಲಗುವ ಕೋಣೆಯಲ್ಲಿ ಬಾವಲಿ ಕಂಡರೆ ಕಿಟಕಿ ತೆರೆದು ಓಡಿಸಬೇಡಿ. ಅದರ ಹಲ್ಲು ಎಷ್ಟು ಚಿಕ್ಕದೆಂದರೆ ನಿದ್ದೆಯಲ್ಲಿ ಕಚ್ಚಿದ್ದು ಗೊತ್ತೇ ಆಗದಿರಬಹುದು. ಕೋಣೆಯಿಂದ ಹೊರಗೆ ಬಂದು ಬಾಗಿಲು ಮುಚ್ಚಿ, ಹೆಲ್ತ್ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿ. ಅದನ್ನು ಹಿಡಿದು ರೇಬೀಸ್ ಪರೀಕ್ಷೆ ಮಾಡಿಸಿದರೆ ನಿಮಗೆ ಚುಚ್ಚುಮದ್ದು ಬೇಕೋ ಬೇಡವೋ ಗೊತ್ತಾಗುತ್ತದೆ.

ಕೊನೆಯದಾಗಿ, ದೂರು ಹೇಳುವ ಜಾಗ

ಲಸಿಕೆ ದಿನ ಕಡಿಮೆ ಮಾಡಿದರು, ಆಂಬುಲೆನ್ಸ್ ನಿಲ್ಲಿಸುತ್ತಾರಂತೆ ಅಂತ ಸುದ್ದಿ ಬಂದರೆ ಫೇಸ್‌ಬುಕ್ಕಿನಲ್ಲಿ ಬೈದು ಪ್ರಯೋಜನ ಇಲ್ಲ. ಹೆಚ್ಚಿನ ಕಡೆ ಬೋರ್ಡ್ ಆಫ್ ಹೆಲ್ತ್ ಅಥವಾ ಕೌಂಟಿ ಬೋರ್ಡಿನ ಸಭೆಗಳಿಗೆ ಯಾರು ಬೇಕಾದರೂ ಹೋಗಬಹುದು, ನಾಗರಿಕರಾಗಿರಬೇಕು ಅಂತಿಲ್ಲ. ಲಾಭಕ್ಕಲ್ಲದ ಆಸ್ಪತ್ರೆಗಳು ಮೂರು ವರ್ಷಕ್ಕೊಮ್ಮೆ ಊರಿನ ಆರೋಗ್ಯದ ಅಗತ್ಯಗಳ ಸಮೀಕ್ಷೆ ಮಾಡಿ ಅದನ್ನು ಪ್ರಕಟಿಸಬೇಕು. ಅದು ಆಸ್ಪತ್ರೆಯ ವೆಬ್‌ಸೈಟಿನಲ್ಲೇ ಇರುತ್ತದೆ. ಅದನ್ನು ಓದಿಕೊಂಡು ಹೋಗಿ, "ನಿಮ್ಮ ವರದಿಯ ಇಂಥ ಪುಟದಲ್ಲಿ ಹೀಗೆ ಬರೆದಿದ್ದೀರಿ, ಅದಕ್ಕೆ ಏನು ಮಾಡಿದಿರಿ" ಅಂತ ಕೇಳಿದರೆ ಉತ್ತರ ಕೊಡದೆ ನುಣುಚಿಕೊಳ್ಳುವುದು ಅವರಿಗೆ ಕಷ್ಟ. ಮಾತಾಡಲು ಕೆಲವೇ ನಿಮಿಷ ಕೊಡುತ್ತಾರೆ. ಬಾಗಿಲ ಹತ್ತಿರ ಇಟ್ಟಿರುವ ಹಾಳೆಯಲ್ಲಿ ಸಭೆ ಶುರುವಾಗುವ ಮೊದಲೇ ಹೆಸರು ಬರೆಯಿರಿ, ಹೇಳುವುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಒಂದು ಪ್ರತಿ ಕ್ಲರ್ಕಿಗೆ ಕೊಟ್ಟು ಬನ್ನಿ.